ಪಿಯಾನೊ ಮಾಷ್ಟ್ರ ಗ್ರ್ಯಾಂಡ್ ಎಂಟ್ರಿ

ಚಪ್ಪಾಳೆಯ ಸದ್ದು ಕೇಳಿದರೆ ಈಗಲೂ ನನ್ನ ಬಲಗೈ ತಾನಾಗಿಯೇ ಮುಂದೆ ಚಾಚಿ ಏನನ್ನೋ ಹಿಡಿದುಕೊಳ್ಳುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಪಕ್ಕದ ಕುರ್ಚಿಯವನ ತೋಳು ಹಿಡಿದು ಬೈಸಿಕೊಂಡಿದ್ದೇನೆ. ಆ ಕೈ ಹುಡುಕುವುದು ಒಂದು ಅಂಗಿಯ ಬೆನ್ನನ್ನು. ಗರಿಗರಿಯಾಗಿ ಇಸ್ತ್ರಿ ಹಾಕಿದ್ದ ಬಿಳಿ ಅಂಗಿ ಅದು. ಅದರೊಳಗೆ ಇದ್ದವರು ನಮ್ಮ ಪಿಯಾನೊ ಮಾಷ್ಟ್ರು.

ಮಾಷ್ಟ್ರು ಊರಿನಲ್ಲಿ ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂತು. ದೋಹಾದ ನಮ್ಮ ಕರಾವಳಿ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಸಂಜೆಯ ಹೊತ್ತಿಗೆ ಸಂಘದ ಅಧ್ಯಕ್ಷರ ಧ್ವನಿ ನನ್ನ ಫೋನಿಗೆ ಬಂದು ಬಿತ್ತು: "ನೀವು ಅವರ ನೆರೆಯವ್ರಲ್ವಾ, ಸ್ಮರಣ ಸಂಚಿಕೆಗೆ ಎರಡು ಪೇಜು ಚಂದ ಮಾಡಿ ಬರೆದು ಕೊಡಿ. ಆ ಲಿಫ್ಟಿನ ಕತೆಯೆಲ್ಲ ಬೇಡ, ಆಯ್ತಾ? ಪಾಸಿಟಿವ್ ಆಗಿರ್ಲಿ." ಬರೆಯಲು ಕೂತೆ. ಪಾಸಿಟಿವ್ ಆಗಲಿಲ್ಲ. ಹಾಗಾಗಿ ಇದು ಆ ಸಂಚಿಕೆಗಲ್ಲ.

ಮಾಷ್ಟ್ರ ಹೆಸರನ್ನು ನಾನು ಬರೆಯುವುದಿಲ್ಲ. ಸಿಕ್ಕಿದರೆ ಅದನ್ನು ಫ್ಲೆಕ್ಸಿನ ಮೇಲೆ ದೊಡ್ಡದಾಗಿ ಹಾಕಿ, ಕೆಳಗೆ ಪ್ರಾಯೋಜಕರ ಸಾಲು ಜೋಡಿಸುವವರು ಇದ್ದಾರೆ. ಮಾಷ್ಟ್ರು ಜೀವ ಬಿಡುತ್ತಿದ್ದ ಒಬ್ಬ ಫ್ರೆಂಚ್ ಸಂಗೀತಗಾರನ ಹೆಸರನ್ನೂ ಬರೆಯುವುದಿಲ್ಲ. ಜಗತ್ತು ಒಮ್ಮೆ ತಿಳಿದುಕೊಂಡು ಆಮೇಲೆ ಮರೆತ ಹೆಸರು ಅದು. ನಾನು ಹೇಳಿದ ಮಾತ್ರಕ್ಕೆ ನೀವು ನೆನಪಿಟ್ಟುಕೊಳ್ಳುತ್ತೀರಿ ಎಂಬ ಭ್ರಮೆ ನನಗಿಲ್ಲ.

ದೋಹಾದ ಬಿನ್ ಒಮ್ರಾನ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಉಡುಪಿ ಕಡೆಯ ಕ್ಯಾಥೊಲಿಕರು, ಮದುವೆಯಾಗದೆ ಅರವತ್ತರ ಹತ್ತಿರ ಬಂದವರು. ಹಗಲು ಕ್ಲಿಯರಿಂಗ್ ಕಂಪನಿಯೊಂದರಲ್ಲಿ ಹಡಗಿನ ಸರಕಿನ ಕಾಗದಪತ್ರ ತಯಾರಿಸುವ ಕೆಲಸ, ಸಂಜೆ ಮಕ್ಕಳಿಗೆ ಪಿಯಾನೊ ಪಾಠ. ನಾನು ಬಂಟ್ವಾಳ ಕಡೆಯ ಬ್ಯಾರಿ, ಬಿ.ಫಾರ್ಮ್ ಓದಿ ಅಲ್ ಮನ್ಸೂರಾದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿರುವವನು. ಸಂಗೀತಕ್ಕೂ ನನಗೂ ಸಂಬಂಧ ಶುರುವಾದದ್ದು ಜಗಳದಿಂದ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಒಂದು ಶುಕ್ರವಾರ ಬೆಳಿಗ್ಗೆ ಎದುರುಮನೆಯಿಂದ ಪಿಯಾನೊ ನಿಲ್ಲಲೇ ಇಲ್ಲ. ಎದ್ದು ಹೋಗಿ ಬಾಗಿಲು ಬಡಿದೆ.

ಬಾಗಿಲು ತೆರೆದವರು ಸ್ವೆಟರ್ ಹಾಕಿಕೊಂಡಿದ್ದರು. ಹೊರಗೆ ಮೈ ಸುಡುವ ಜೂನ್. ಒಳಗಿನಿಂದ ಬಂದ ತಣ್ಣನೆ ಗಾಳಿಗೆ ನನಗೆ ಮೈ ಜುಮ್ಮೆಂದಿತು.

"ನಿದ್ದೆ ಹಾಳಾಯ್ತಾ? ಸಾರಿ ಸಾರಿ," ಎಂದರು. "ಒಂದು ಕೇಳ್ಲಾ? ತೊಂದ್ರೆ ಆದದ್ದು ಯಾವುದರಿಂದ, ಮೊದಲು ಬಾರಿಸಿದ್ದರಿಂದಲಾ, ಆಮೇಲೆ ಬಾರಿಸಿದ್ದರಿಂದಲಾ?"

"ಎಂತ ಮೊದಲು, ಎಂತ ಆಮೇಲೆ? ಬೆಳಗ್ಗಿನಿಂದ ಒಂದೇ ಹಾಡು ಬಾರಿಸ್ತಾ ಇದ್ದೀರಲ್ಲ!"

ಅವರ ಮುಖ ಅರಳಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಜಗಳಕ್ಕೆ ಬಂದವನ ಕೈ ಹಿಡಿದು ಒಳಗೆ ಎಳೆದುಕೊಂಡರು. "ಒಂದೇ ಹಾಡು! ಹೇಳಿ, ಇನ್ನೊಮ್ಮೆ ಹೇಳಿ! ಸಂಗೀತ ಗೊತ್ತಿಲ್ಲದವರ ಬಾಯಿಂದಲೇ ಬರ್ಬೇಕಿತ್ತು ಇದು. ಕೂತ್ಕೊಳ್ಳಿ, ಚಾ ಮಾಡ್ತೇನೆ."

ಅವರು ಬಾರಿಸಿದ್ದು ಇಬ್ಬರು ಬೇರೆ ಬೇರೆ ಸಂಗೀತಗಾರರದ್ದಂತೆ. ಒಬ್ಬ ಫ್ರಾನ್ಸಿನ ಇಂಪ್ರೆಷನಿಸ್ಟ್ ಸಂಗೀತಕ್ಕೇ ಹೆಸರಾದವನು, ಜಗತ್ತಿನ ಪಿಯಾನೊ ಕಲಿಯುವ ಮಕ್ಕಳಿಗೆಲ್ಲ ಪರಿಚಿತ. ಇನ್ನೊಬ್ಬನನ್ನು ಕೇಳಿದವರಿಲ್ಲ. ಕೇಳಿದವರಿಲ್ಲದ ಅವನು ಇಂಥ ಸ್ವರಗಳನ್ನು ಮೊದಲೇ ಬರೆದಿಟ್ಟಿದ್ದ ಎಂಬುದು ಮಾಷ್ಟ್ರ ವಾದ. ವಾದ ಎನ್ನುವುದಕ್ಕಿಂತ ಅವರ ಬದುಕು ಎಂದರೆ ಸರಿ. ನಾನು ನಿದ್ದೆಗಣ್ಣಿನಲ್ಲಿ ಅದಕ್ಕೆ ಸಾಕ್ಷಿ ನುಡಿದಿದ್ದೆ.

"ನೀವ್ಯಾಕೆ ಸ್ವೆಟರ್ ಹಾಕಿ ಕೂತದ್ದು? ಎಸಿ ಕಮ್ಮಿ ಮಾಡ್ಬಹುದಲ್ಲ," ಎಂದು ಕೇಳಿದೆ.

ಪಿಯಾನೊದ ಮೇಲೆ ಕೈಯಿಟ್ಟು ಹೇಳಿದರು: "ಸೆಕೆ ಇದಕ್ಕೆ ಆಗ್ಬಾರ್ದು. ಒಮ್ಮೆ ಸೆಕೆ, ಒಮ್ಮೆ ಚಳಿ ಆದ್ರೆ ಮರ ಬಿರುಕು ಬಿಡ್ತದೆ. ನಾನು ಬಿಡುದಿಲ್ಲ ಅಲ್ವಾ." ರಜೆಯಲ್ಲಿ ಊರಿಗೆ ಹೋಗುವಾಗಲೂ ಎಸಿ ಹಾಕಿಯೇ ಹೋಗುತ್ತಿದ್ದರು. ಆ ಬೇಸಿಗೆಯಿಂದ ಅವರ ಮನೆಯ ಬೀಗದ ಕೈ ನಮ್ಮ ಮನೆಯಲ್ಲಿರತೊಡಗಿತು. ಎಸಿ ನಿಂತಿದೆಯೋ ಎಂದು ನೋಡಲು ಅಲ್ಲಿಗೆ ಹೋಗುತ್ತಿದ್ದ ನನ್ನ ಹೆಂಡತಿ, "ನಿಮ್ಮ ಮಾಷ್ಟ್ರ ಬೀವಿಗೆ ಜ್ವರ ಇಲ್ಲ," ಎಂದು ವರದಿ ಒಪ್ಪಿಸುತ್ತಿದ್ದಳು.

ಆ ಮರೆತುಹೋದವನ ಕತೆಯನ್ನು ಮಾಷ್ಟ್ರು ಗುಮಾಸ್ತರೊಬ್ಬರು ಇನ್ನೊಬ್ಬ ಗುಮಾಸ್ತನ ಬಗ್ಗೆ ಮಾತಾಡುವ ಹಾಗೆ ಹೇಳುತ್ತಿದ್ದರು. ಪ್ಯಾರಿಸ್ಸಿನಲ್ಲಿ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಿಂತು ನಗಾರಿ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವ. ಹರೆಯದಲ್ಲಿ ಈಜಿಪ್ಟಿನ ಕತೆಯೊಂದರ ಮೇಲೆ ದೊಡ್ಡ ಕೃತಿ ಬರೆದ. ಯಾರೂ ಬಾರಿಸಲಿಲ್ಲ. ಕೊನೆಗೆ ಬರೆಯುವುದನ್ನೇ ಬಿಟ್ಟ. ವಯಸ್ಸಾದ ಮೇಲೆ, ಬೇರೆಯವರ ಸಂಗೀತವನ್ನು ಚಂದದ ಅಕ್ಷರದಲ್ಲಿ ಪ್ರತಿ ಮಾಡಿಕೊಡುವ ಕೆಲಸ ಕೇಳಲು ಒಬ್ಬ ದೊಡ್ಡ ವಾದ್ಯವೃಂದ ನಿರ್ದೇಶಕನ ಬಳಿ ಹೋದ. ಕೈಬರಹದ ಮಾದರಿಗೆಂದು ಕೊಂಡುಹೋದದ್ದು ಆ ಹಳೆಯ ಕೃತಿಯನ್ನೇ. ನಿರ್ದೇಶಕ ಅಕ್ಷರ ನೋಡುವುದು ಬಿಟ್ಟು ಸ್ವರ ನೋಡಿ ಬೆಚ್ಚಿಬಿದ್ದ. ಆ ಹೊತ್ತಿಗೆ ಅಂಥದೇ ಸ್ವರಗಳಿಂದ ಬೇರೆಯವರು ಹೊಸಯುಗದ ಹರಿಕಾರರಾಗಿ ಮೆರೆಯುತ್ತಿದ್ದರು. ಕೃತಿ ಕೊನೆಗೂ ವೇದಿಕೆ ಏರಿತು, ಊರೆಲ್ಲ ಗದ್ದಲವಾಯಿತು. ಯಾರು ಮೊದಲು, ಯಾರಿಂದ ಯಾರು ಕಲಿತದ್ದು ಎಂದು ಪಂಡಿತರು ಪತ್ರಿಕೆಗಳಲ್ಲಿ ಕಚ್ಚಾಡಿದರು. ಆಮೇಲೆ ಎಲ್ಲರೂ ಮನೆಗೆ ಹೋದರು.

"ಹಾಗಾದ್ರೆ ಆ ಪ್ರಸಿದ್ಧ ಕದ್ದದ್ದಾ ಮಾಷ್ಟ್ರೇ?"

"ಛೆ, ಛೆ. ಅವ ಕಳ್ಳ ಅಲ್ಲ ಮಾರಾಯ, ದೊಡ್ಡವ. ಇದನ್ನು ಅವ ನೋಡಿದ್ದಾನೋ ಇಲ್ವೋ, ಅದೇ ಯಾರಿಗೂ ಗೊತ್ತಿಲ್ಲ. ನನ್ನ ಸಿಟ್ಟು ಆ ಕಚ್ಚಾಡಿದವರ ಮೇಲೆ. ಬಡಪಾಯಿ ಹೋದದ್ದು ಕಾಪಿ ಮಾಡುವ ಕೆಲ್ಸ ಕೇಳ್ಳಿಕ್ಕೆ. ಆ ಕೆಲ್ಸ ಅವನಿಗೆ ಸಿಕ್ಕಿತೋ ಇಲ್ವೋ ಅಂತ ಒಂದು ಪುಸ್ತಕದಲ್ಲೂ ನನಗೆ ಕಾಣ್ಲಿಕ್ಕೆ ಸಿಗ್ಲಿಲ್ಲ."

ವಾದ್ಯವೃಂದಕ್ಕೆಂದು ಬರೆದ ಆ ಕೃತಿಯನ್ನು ಮಾಷ್ಟ್ರು ಒಂದೇ ಪಿಯಾನೊಗೆ ಇಳಿಸುತ್ತಿದ್ದರು. ವರ್ಷಗಳಿಂದ ಅದೇ ಕೆಲಸ. ನಾಲ್ಕು ಸಾಲು ಬರೆದು ಎರಡು ಹೊಡೆದುಹಾಕುತ್ತಿದ್ದರು. ಬಾರಿಸುವಾಗ ಪುಟ ತಿರುಗಿಸಲು ಜನ ಬೇಕು. ಸ್ವರಲಿಪಿಯ ಗಂಧಗಾಳಿ ಇಲ್ಲದ ನನ್ನನ್ನೇ ಅದಕ್ಕೆ ಹಿಡಿದರು. "ನೋಟ್ಸ್ ಓದ್ಲಿಕ್ಕೆ ಬರುವವ ಹಾಡು ಕೇಳ್ತಾ ಪುಟ ಮರೀತಾನೆ. ನೀವು ನನ್ನನ್ನು ಮಾತ್ರ ನೋಡ್ತೀರಿ," ಎಂದರು. ನಮ್ಮ ಸಂಕೇತ ಅವರ ಮೂಗು. ಮೂಗು ಒಮ್ಮೆ ಸರ್ರನೆ ಎಳೆದರೆ ನಾನು ಪುಟ ತಿರುಗಿಸಬೇಕು. ಒಂದು ಡಿಸೆಂಬರಿನಲ್ಲಿ ಅವರಿಗೆ ನೆಗಡಿಯಾಗಿ, ನಾನು ಪುಟದ ಮೇಲೆ ಪುಟ ತಿರುಗಿಸಿ ಕೃತಿ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಮಾಷ್ಟ್ರು ನಕ್ಕು ನಕ್ಕು ಕೆಮ್ಮಿದರು. "ಮದ್ದಿನವ್ರೇ, ಮೊದಲು ಮೂಗಿಗೆ ಡ್ರಾಪ್ಸ್ ತನ್ನಿ, ಆಮೇಲೆ ಸಂಗೀತ!"

ಪಾಠಕ್ಕೆ ಬರುವ ಮಕ್ಕಳ ತಾಯಂದಿರ ಮುಂದೆ ಮಾತ್ರ ಅವರು ಬೇರೆಯೇ ಮನುಷ್ಯ. ಓಲ್ಡ್ ಏರ್‌ಪೋರ್ಟ್ ಕಡೆಯಿಂದ ಕಾರಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು ಒಂದು ದಿನ, "ಸರ್, ಇವಳ ಫ್ರೆಂಡ್ ಎರಡು ಗ್ರೇಡ್ ಮುಂದೆ ಹೋದ್ಳು, ನೀವು ಇನ್ನೂ ಅದೇ ಎರಡು ಮೂರು ನೋಟ್ಸ್ ಒಟ್ಟಿಗೆ ಒತ್ತಿಸ್ತಾ ಕೂತಿದ್ದೀರಿ," ಎಂದು ಜೋರು ಮಾಡಿದಳು. ಮಾಷ್ಟ್ರು ಆ ಮಗುವಿನ ಕೈಯಿಂದ ಅದೇ ಸ್ವರಗುಚ್ಛವನ್ನು ಮತ್ತೊಮ್ಮೆ ಒತ್ತಿಸಿ, ಪೆಡಲಿನ ಮೇಲೆ ತಮ್ಮ ಕಾಲಿಟ್ಟು, ಸದ್ದು ಪೂರ್ತಿ ಸಾಯುವವರೆಗೆ ಕಣ್ಣು ಮುಚ್ಚಿ ಕೂತರು. ತಾಯಿಯೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು.

ತಾಯಿ ಮಗಳು ಹೋದ ಮೇಲೆ ಮಾಷ್ಟ್ರು ನನಗೆ ಹೇಳಿದರು: "ಹಳೆ ಸಂಗೀತದಲ್ಲಿ ಇಂಥ ಅರ್ಧಕ್ಕೆ ನಿಂತ ಸ್ವರ ಬಂದ್ರೆ ಕೂಡ್ಲೇ ಅದನ್ನು ಮನೆಗೆ ಮುಟ್ಟಿಸ್ಬೇಕು, ಅದು ನಿಯಮ. ನಮ್ಮ ನಗಾರಿಯವ ಮುಟ್ಟಿಸ್ಲಿಲ್ಲ. ನಡು ದಾರಿಯಲ್ಲೇ ಕೂತಿರ್ಲಿ ಅಂತ ಬಿಟ್ಟ. ಎಷ್ಟು ಧೈರ್ಯ ಬೇಕು ಗೊತ್ತುಂಟಾ ಅದಕ್ಕೆ?"

ಇಷ್ಟೇ ಬರೆದು ನಿಲ್ಲಿಸಿದ್ದರೆ ಅಧ್ಯಕ್ಷರ ಸಂಚಿಕೆಗೆ ಸಾಕಾಗುತ್ತಿತ್ತು.

ಕಳೆದ ಚಳಿಗಾಲದ ಹೊತ್ತಿಗೆ ಮಾಷ್ಟ್ರ ಕಂಪನಿ ವಯಸ್ಸಾದವರನ್ನೆಲ್ಲ ಊರಿಗೆ ಕಳಿಸಲು ತೀರ್ಮಾನಿಸಿತು. ಅವರ ವೀಸಾ ಮಾರ್ಚಿಗೆ ಕೊನೆ. ಮಾಷ್ಟ್ರಿಗೆ ಅದರ ಚಿಂತೆ ಕಾಣಲಿಲ್ಲ. ಒಂದೇ ಆಸೆ ಇತ್ತು: ಪಿಯಾನೊಗೆ ಇಳಿಸಿದ ಆ ಕೃತಿ ಅಷ್ಟರಲ್ಲಿ ಮುಗಿದಿತ್ತು, ಹೋಗುವ ಮೊದಲು ಅದನ್ನು ಒಮ್ಮೆ ಜನರ ಮುಂದೆ ಪೂರ್ತಿ ಬಾರಿಸಬೇಕು. ಸುಮಾರು ಇಪ್ಪತ್ತು ನಿಮಿಷದ ಕೃತಿ. ಊರಿನಲ್ಲಿ ಪಿಯಾನೊ ಇಲ್ಲ, ಕೇಳುವ ಜನ ಇಲ್ಲ. ಇಲ್ಲಿ ಆದರೆ ಆಯಿತು, ಇಲ್ಲವಾದರೆ ಇಲ್ಲ. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಅವಕಾಶ ಕೇಳಲು ನನ್ನನ್ನೂ ಕರೆದುಕೊಂಡು ಅಧ್ಯಕ್ಷರ ಕಚೇರಿಗೆ ಹೋದರು.

ಅಧ್ಯಕ್ಷರು ಕಟ್ಟಡ ಕೆಲಸದ ಯಂತ್ರಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರಿ. ಕೆಟ್ಟವರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದ ಮನುಷ್ಯ. ಕೆಲಸ ಕಳೆದುಕೊಂಡವರಿಗೆ ಊಟ ಹಾಕಿಸಿದ್ದಾರೆ, ಇಲ್ಲಿ ಸತ್ತವರನ್ನು ಊರಿಗೆ ಕಳಿಸಲು ಓಡಾಡಿದ್ದಾರೆ. ಆದರೆ ವೇದಿಕೆ ಕಂಡರೆ ಅವರಿಗೆ ಮೈಮೇಲೆ ಏನೋ ಬರುತ್ತದೆ. ನಮ್ಮ ಸಂಘದಲ್ಲಿ ಪ್ರತಿ ವರ್ಷ ಒಂದು 'ಗ್ರ್ಯಾಂಡ್ ಎಂಟ್ರಿ' ಇರಲೇಬೇಕು. ಒಂದು ವರ್ಷ ಮುಖ್ಯ ಅತಿಥಿಯನ್ನು ಥರ್ಮೋಕೋಲಿನ ದೋಣಿಯಲ್ಲಿ ಕೂರಿಸಿ ಎಳೆದು ತಂದಿದ್ದರು. ಇನ್ನೊಂದು ವರ್ಷ ಅಧ್ಯಕ್ಷರೇ ಚೆಂಡೆಯ ಹಿಮ್ಮೇಳದಲ್ಲಿ ಪರದೆ ಹರಿದು ಬಂದಿದ್ದರು.

"ಪಿಯಾನೊ! ಎ ಒನ್!" ಎಂದು ಮೇಜು ಗುದ್ದಿದರು. "ಆದ್ರೆ ಮಾಷ್ಟ್ರೇ, ಸುಮ್ನೆ ಸ್ಟೇಜಲ್ಲಿ ಕೂತು ಬಾರಿಸಿದ್ರೆ ಯಾರು ನೋಡ್ತಾರೆ? ನಮ್ಮ ಸಿಸರ್ ಲಿಫ್ಟ್ ಉಂಟಲ್ಲ, ಕೆಲಸದವರನ್ನು ಹಲಗೆ ಸಮೇತ ಮೇಲೆ ಎತ್ತುವ ಮಿಷನ್, ಅದನ್ನು ಸ್ಟೇಜಿನ ಎದುರು ಇಡುವಾ. ಹೊಗೆ ಬಿಡುವಾ. ಹೊಗೆಯೊಳಗಿಂದ ಪಿಯಾನೊ, ನೀವು, ಹಾಗೇ ಮೇಲೆ ಮೇಲೆ ಬರ್ಬೇಕು. ಯಲ್ಲಾ, ಶುರು ಮಾಡುವಾ!"

"ಅಲ್ಲ, ಪಿಯಾನೊಗೆ ಚಕ್ರ ಉಂಟು," ಎಂದರು ಮಾಷ್ಟ್ರು. "ನೆಲ ಚೂರು ಓರೆಯಾದ್ರೂ ಓಡ್ತದೆ."

"ಮಾಫಿ ಮುಷ್ಕಿಲ್, ಎಂತ ತೊಂದ್ರೆಯೂ ಇಲ್ಲ. ಇದರಲ್ಲಿ ನಾವು ಎಂತೆಂಥ ಮಿಷನ್ ಏರಿಸಿದ್ದೇವೆ!"

ಮಾಷ್ಟ್ರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಸ್ವಲ್ಪ ಹೊತ್ತು ತಮ್ಮ ಬೆರಳುಗಳನ್ನು ನೋಡಿಕೊಂಡು, "ಪೂರ್ತಿ ಬಾರಿಸ್ಲಿಕ್ಕೆ ಬಿಡ್ತೀರಲ್ಲ?" ಎಂದರು.

"ನನ್ನ ಮಾತು."

ಕಾರ್ಯಕ್ರಮದ ದಿನ ಮಾಷ್ಟ್ರು, ಮನೆಯಿಂದ ತರಿಸಿ ಲಿಫ್ಟಿನ ಮೇಲಿಟ್ಟಿದ್ದ ತಮ್ಮ ಪಿಯಾನೊದ ನಾಲ್ಕು ಚಕ್ರಗಳಿಗೂ ಮರದ ಬೆಣೆ ಕೊಟ್ಟು, ಮೊಣಕಾಲೂರಿ ಕೂತು ಒಂದೊಂದನ್ನೂ ತಟ್ಟಿ ನೋಡಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ನಾವಿಬ್ಬರೂ ಬಟ್ಟೆ ಬದಲಿಸಲು ಹೋದೆವು. ಆ ಹೊತ್ತಿನಲ್ಲಿ ಅಲಂಕಾರದವರು ಬಂದು ಪಿಯಾನೊದ ಕೆಳಗೆ ಸುತ್ತಲೂ ಬಿಳಿ ಸ್ಯಾಟಿನ್ ಬಟ್ಟೆಯ ಝಾಲರಿ ಕಟ್ಟಿದರು. ಬೆಣೆಗಳಿಂದ ಝಾಲರಿ ಉಬ್ಬಿ ಕಾಣುತ್ತಿತ್ತಂತೆ. ಅಧ್ಯಕ್ಷರು ಫೋಟೋದಲ್ಲಿ ಚಂದ ಬರುವುದಿಲ್ಲ ಎಂದರಂತೆ. ಬೆಣೆಗಳನ್ನು ತೆಗೆದುಬಿಟ್ಟರು. ಲಿಫ್ಟಿನ ಒಂದು ತುದಿಯ ಕಂಬಿಯನ್ನೂ ಬಿಚ್ಚಿ, ಆ ಜಾಗದಲ್ಲಿ ಥರ್ಮೋಕೋಲಿನ ಎರಡು ಹಂಸ ನಿಲ್ಲಿಸಿದ್ದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಮುಂದಿನದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಅಂಗಡಿಯಲ್ಲಿ ಮಾತ್ರೆಯ ಡಬ್ಬಿ ಜೋಡಿಸುವಾಗ, ನಮಾಜಿನ ನಡುವೆ, ಮಗಳಿಗೆ ಊಟ ಕೊಡುವಾಗ ಅದು ತಾನಾಗಿ ಶುರುವಾಗುತ್ತದೆ. ಹೊಗೆ. ಕಾಲಡಿಯ ಯಂತ್ರದ ಗುರ್ ಸದ್ದು. ಮಾಷ್ಟ್ರು ಸ್ಟೂಲಿನ ಮೇಲೆ, ನಾನು ಅವರ ಬೆನ್ನ ಹಿಂದೆ ಬಲಕ್ಕೆ ನಿಂತಿದ್ದೇನೆ. ವೇದಿಕೆಯ ಮಟ್ಟ ದಾಟಿ ಆಳೆತ್ತರ ಏರಿದೆವು. ಮಾಷ್ಟ್ರು ಕೈಗಳನ್ನು ಪಿಯಾನೊದ ಕೀಗಳ ಮೇಲಿಟ್ಟರು. ಆಗ ಪಿಯಾನೊ ಎಡಕ್ಕೆ ಒಂದು ಗೇಣು ಸರಿಯಿತು.

ತುಂಬಾ ಮೆಲ್ಲಗೆ ಸರಿಯಿತು. ಅದೇ ನನ್ನನ್ನು ಈಗಲೂ ಕಾಡುವುದು. ಯಾರೋ ಜಾಗ ಮಾಡಿಕೊಡಿ ಎಂದು ವಿನಯದಿಂದ ಕೇಳಿ ಸರಿದ ಹಾಗೆ. ಭಾರಕ್ಕೆ ಲಿಫ್ಟಿನ ಎಡ ತುದಿ ಬಾಗಿತ್ತು. ಮಾಷ್ಟ್ರು ಎಡಗೈ ಚಾಚಿ ಪಿಯಾನೊದ ಬದಿಯನ್ನು ತಡೆಯಲು ಹೋದರು. ಓಡಿಹೋಗುವ ಮಗುವಿನ ಅಂಗಿ ಹಿಡಿಯುವವರ ಹಾಗೆ. ಕಂಬಿ ಬಿಚ್ಚಿದ ಮೇಲೂ ಮೂಲೆಯಲ್ಲಿ ಉಳಿದಿದ್ದ ಕಬ್ಬಿಣದ ಕಂಬಕ್ಕೂ ಪಿಯಾನೊಗೂ ನಡುವೆ ಆ ಕೈ ಸಿಕ್ಕಿಕೊಂಡಿತು. ಒಂದು ಹಂಸ ಪುಡಿಯಾಯಿತು. ಪಿಯಾನೊ ಅಂಚು ದಾಟಿ ತಲೆಕೆಳಗಾಗುವಾಗ ಸ್ಟೂಲಿನೊಂದಿಗೆ ಮಾಷ್ಟ್ರೂ ಹೊರಟರು. ನಾನು ಅವರ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಬಿದ್ದೆ. ಅಷ್ಟೇ ನಾನು ಮಾಡಿದ್ದು.

ಅದರ ತಂತಿಗಳೆಲ್ಲ ಒಟ್ಟಿಗೆ ಎಬ್ಬಿಸಿದ ಸದ್ದನ್ನು ನಾನು ಬರೆಯಲಾರೆ. ಅದು ಬಿದ್ದ ಜಾಗದಲ್ಲಿ, ಮುಂದಿನ ನೃತ್ಯಕ್ಕೆಂದು ಹಳದಿ ಲಂಗ ತೊಟ್ಟ ಪುಟ್ಟ ಹುಡುಗಿಯರು ಸಾಲಾಗಿ ನಿಂತಿದ್ದರು. ನಾವು ಏರಲು ಶುರುಮಾಡುವ ಸ್ವಲ್ಪ ಮೊದಲು ಅವರ ಟೀಚರ್ ನೀರು ಕುಡಿಸಲು ಕರೆದಿದ್ದಳು. ನನ್ನ ಮನಸ್ಸು ಹಿಂದಕ್ಕೆ ಓಡುವಾಗ ಕೆಲವು ಸಲ ಆ ಟೀಚರ್ ಕರೆಯುವುದೇ ಇಲ್ಲ.

ಸಭೆಯಲ್ಲಿದ್ದವರು ಚಪ್ಪಾಳೆ ಹೊಡೆದರು. ಹೊಗೆಯಲ್ಲಿ ಅವರಿಗೆ ಕಂಡದ್ದು ಎಷ್ಟೋ, ಗ್ರ್ಯಾಂಡ್ ಎಂಟ್ರಿಯ ಭಾಗ ಎಂದೇ ತಿಳಿದರು. ಸಿಳ್ಳೆ ಬಿತ್ತು. ಫೋನುಗಳು ಮೇಲೆದ್ದವು. ಮಾಷ್ಟ್ರ ಕೈಯಿಂದ ರಕ್ತ ಇಳಿಯುವುದು ಕಂಡ ಮೇಲೂ ಎಷ್ಟೋ ಫೋನುಗಳು ಕೆಳಗಿಳಿಯಲಿಲ್ಲ. ಪಿಯಾನೊದ ಚೂರುಗಳನ್ನು ಪೊರಕೆಯಿಂದ ಒಂದು ಬದಿಗೆ ಗುಡಿಸಿ ಹಳದಿ ಲಂಗದ ನೃತ್ಯ ಶುರು ಮಾಡಿದಾಗ ಆಂಬುಲೆನ್ಸ್ ಇನ್ನೂ ಗೇಟಿನಿಂದ ಹೊರಗೆ ಹೋಗಿರಲಿಲ್ಲ. ಹಾಡು ಒಳಗೆ ಕೂತ ನಮಗೆ ಕೇಳುತ್ತಿತ್ತು. ಮರುದಿನ ಗುಂಪಿನಲ್ಲಿ ಬಂದ ವರದಿಯಲ್ಲಿ 'ಅಭೂತಪೂರ್ವ ಯಶಸ್ಸು' ಎಂದಿತ್ತು. ಪಿಯಾನೊ ಬೀಳುವ ವೀಡಿಯೋಗೆ ಯಾರೋ ಸಿನಿಮಾದ ಹಾಸ್ಯ ಸಂಗೀತ ಜೋಡಿಸಿ ಬಿಟ್ಟಿದ್ದರು. ಅದು ನನ್ನ ಅಂಗಡಿಯ ಹುಡುಗರ ಫೋನಿಗೂ ಬಂತು. ಅವರು ನನಗೇ ತೋರಿಸಿದರು.

ಮಾಷ್ಟ್ರ ಎಡಗೈಯ ಮೂರು ಬೆರಳುಗಳನ್ನು ಉಳಿಸಲಾಗಲಿಲ್ಲ.

ಆಸ್ಪತ್ರೆಗೆ ಅಧ್ಯಕ್ಷರು ಹಣ್ಣಿನ ಬುಟ್ಟಿ ಹಿಡಿದು ಬಂದರು. ನಾನು ಅಲ್ಲೇ ಇದ್ದೆ. ಕಣ್ಣೊರೆಸಿಕೊಂಡದ್ದೂ ಹೌದು, ಅದು ನಟನೆ ಎಂದು ನಾನು ಹೇಳುವುದಿಲ್ಲ. ಒರೆಸಿಕೊಂಡ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಮಾಷ್ಟ್ರೇ, ಹಾಲ್‌ನವ್ರು ಎನ್‌ಕ್ವಯರಿ ಮಾಡ್ತಿದ್ದಾರೆ. ಲಿಫ್ಟಿಗೆ ಪರ್ಮಿಷನ್ ಇರ್ಲಿಲ್ಲ. ನಾನು ತಂದದ್ದು ಅಂದ್ರೆ ಸಂಘಕ್ಕೆ ಇನ್ನು ಆ ಹಾಲ್ ಖಲಾಸ್,  ನನ್ನ ಬಿಸಿನೆಸ್ಸಿಗೂ ತೊಂದ್ರೆ. ಕಲಾವಿದರೇ ಕೇಳಿದ್ದು, ಅವರ ಒತ್ತಾಯಕ್ಕೆ ತಂದದ್ದು ಅಂತಾದ್ರೆ... ನೀವು ಹೇಗೂ ಊರಿಗೆ ಹೋಗುವವ್ರು. ನಿಮಗೆ ಯಾರು ಎಂತ ಮಾಡ್ತಾರೆ?"

ನಾನು ಎದ್ದು ನಿಂತೆ. "ನಾಚಿಕೆ ಆಗುದಿಲ್ವಾ ನಿಮಗೆ?"

"ನೀವು ಸ್ವಲ್ಪ ಸುಮ್ನಿರಿ ಮಾರಾಯ್ರೇ, ನಾನು ಮಾಷ್ಟ್ರ ಹತ್ರ ಮಾತಾಡುದು." ಮತ್ತೆ ಆ ಕಡೆ ತಿರುಗಿದರು. "ನಿಮ್ಮ ಆ ಮ್ಯೂಸಿಕ್ ಉಂಟಲ್ಲ ಮಾಷ್ಟ್ರೇ. ಹೋಟೆಲಲ್ಲಿ ಬಾರಿಸುವ ದೊಡ್ಡ ಪಿಯಾನಿಸ್ಟ್ ಒಬ್ಳು ನನಗೆ ಗೊತ್ತು, ಫಾರಿನ್ ಹೆಂಗ್ಸು. ಅವಳು ಬಾರಿಸ್ಲಿ. ನಿಮಗೊಂದು ಬೀಳ್ಕೊಡುಗೆ ಫಂಕ್ಷನ್ ಇಡುವಾ. ನೀವು ಎದುರು ಕೂತು ಕೇಳಿದ್ರೆ ಆಯ್ತು."

ಮಾಷ್ಟ್ರು ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಸರಿಸಿ ಕೇಳಿದರು: "ಪೂರ್ತಿ?"

"ಪೂರ್ತಿ."

"ನಡುವೆ ಯಾರೂ ಎದ್ದು ಭಾಷಣ ಮಾಡುದಿಲ್ಲ?"

"ಛೆ! ಎಂತ ಮಾತು ಮಾಷ್ಟ್ರೇ!"

ಸಭಾಂಗಣದ ಸೇಫ್ಟಿ ಆಫೀಸರ್ ಒಬ್ಬ ಮಲಯಾಳಿ. ನಾನಾಗಿಯೇ ಹೋಗಿ ಬೆಣೆ, ಕಂಬಿ, ಹಂಸ ಎಲ್ಲವನ್ನೂ ಅವನ ಭಾಷೆಯಲ್ಲೇ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಲಿಫ್ಟ್ ಬೇಕು ಅಂತ ಹಟ ಮಾಡಿದ್ದು ತಾವೇ ಅಂತ ಪೆಟ್ಟಾದವರೇ ಹೇಳಿದ್ದಾರೆ. ನಾನು ಯಾರ ಮಾತು ನಂಬಲಿ?" ಎಂದ. ತಪ್ಪು ಅವನದಲ್ಲ.

ಆಸ್ಪತ್ರೆಯಿಂದ ಮನೆಗೆ ಮರಳಿದ್ದ ಮಾಷ್ಟ್ರ ಜೊತೆ ಹೋಗಿ ಜಗಳವಾಡಿದೆ. ಪಿಯಾನೊ ಇದ್ದ ಗೋಡೆ ಬೋಳಾಗಿತ್ತು. ಮೊದಲ ಸಲ ಅವರ ಮನೆಯಲ್ಲಿ ಎಸಿ ನಿಂತಿತ್ತು.

"ಯಾಕೆ ಸುಳ್ಳು ಹೇಳಿದ್ರಿ? ಅವರನ್ನು ಹೀಗೆ ಬಿಟ್ರೆ ನಾಳೆ ಮಕ್ಕಳನ್ನು ಹತ್ತಿಸ್ತಾರೆ ಅದಕ್ಕೆ!"

"ನಿಜ ಹೇಳಿದ್ರೆ ನನ್ನ ಬೆರಳು ಬರ್ತದಾ?"

"ಬೆರಳಿನ ಪ್ರಶ್ನೆ ಅಲ್ಲ ಮಾಷ್ಟ್ರೇ."

"ನನಗೆ ಈಗ ಬೆರಳಿನದ್ದೇ ಪ್ರಶ್ನೆ. ಬಾರಿಸ್ಲಿಕ್ಕೆ ಬೇರೆಯವರ ಬೆರಳು ಬೇಕು. ಅವನ ಹತ್ರ ಉಂಟು, ಕೊಡ್ತೇನೆ ಅಂತಾನೆ. ನಿನ್ನ ಹತ್ರ ಉಂಟಾ?"

ನನ್ನನ್ನು ಅವರು 'ನೀನು' ಎಂದದ್ದು ಅದೇ ಮೊದಲು. ಎದ್ದು ಬಂದೆ. ಅಧ್ಯಕ್ಷರ ಮೇಲಿದ್ದ ಹೇಸಿಗೆಯಲ್ಲಿ ಒಂದು ಪಾಲು ಅವತ್ತು ಮಾಷ್ಟ್ರ ಕಡೆಗೂ ಹರಿಯಿತು. ಸುಳ್ಳು ಬರೆಯಬಾರದೆಂದು ಇದನ್ನೂ ಬರೆದಿದ್ದೇನೆ.

ಆ ಹೋಟೆಲಿನ ಪಿಯಾನಿಸ್ಟ್ ಮಾತ್ರ ಅಪ್ಪಟ ಕಲಾವಿದೆ. ಯುರೋಪಿನ ಯಾವುದೋ ಸಣ್ಣ ದೇಶದವಳು. ತನ್ನ ಎಲೆಕ್ಟ್ರಾನಿಕ್ ಪಿಯಾನೊವನ್ನು ಕಾರಿನಲ್ಲಿ ಹಾಕಿಕೊಂಡು ಮಾಷ್ಟ್ರ ಮನೆಗೇ ಬಂದು ಅಭ್ಯಾಸ ಮಾಡಿದಳು. ಒಂದು ಜಾಗದಲ್ಲಿ ನಿಂತು, "ಇದನ್ನು ಬರೆದದ್ದು ಆ ಪ್ರಸಿದ್ಧನಿಗಿಂತ ಮೊದಲಾ? ನಿಜವಾಗಿಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾಷ್ಟ್ರು ಹೌದೆಂದು ತಲೆಯಾಡಿಸಿದರು. ಎಲ್ಲಿ ಸದ್ದು ಸಾಯಲು ಬಿಡಬೇಕೋ ಅಲ್ಲಿ ಬಲಗೈ ಎತ್ತಿ ಅವಳನ್ನು ತಡೆದು ನಿಲ್ಲಿಸುತ್ತಿದ್ದರು. ಅವಳು ಒಪ್ಪುತ್ತಿದ್ದಳು. ಆ ಕೋಣೆಯಲ್ಲಿ ಆ ಕೃತಿ ಎರಡು ಸಂಜೆ ಚೂರು ಚೂರಾಗಿ ಕೇಳಿಬಂತು. ಪೂರ್ತಿ ಬಾರಿಸುವುದನ್ನು ಇಬ್ಬರೂ ಸಭೆಗೆಂದು ಉಳಿಸಿಕೊಂಡಿದ್ದರು.

ಬೀಳ್ಕೊಡುಗೆ ಒಂದು ಶುಕ್ರವಾರ ಜುಮಾ ನಮಾಜಿನ ನಂತರ. ಸಂಜೆಗೆ ಬೇರೊಂದು ಪಾರ್ಟಿಗೆ ಹಾಲ್ ಬಿಟ್ಟುಕೊಡಬೇಕಿತ್ತು. ಪಿಯಾನೊ ವಾದನ ಮೊದಲ ಕಾರ್ಯಕ್ರಮ ಎಂದಿದ್ದದ್ದು ಕೊನೆಯದಾಯಿತು, ಯಾಕೆಂದರೆ ಮುಖ್ಯ ಅತಿಥಿ ತಡವಾಗಿ ಬಂದರು. ಅವರಿಗೆ ಹೂಗುಚ್ಛ, ಅವರಿಂದ ಭಾಷಣ. ಪ್ರಾಯೋಜಕರಿಗೆ ಒಬ್ಬೊಬ್ಬರಿಗೂ ಸ್ಮರಣಿಕೆ, ಫೋಟೋ. ಮಾಷ್ಟ್ರಿಗೆ ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ತಟ್ಟೆ ಕೊಟ್ಟರು. ತಟ್ಟೆ ಹಿಡಿಯಲು ಎರಡು ಕೈ ಬೇಕಲ್ಲ. ಫೋಟೋದವನು "ಸರ್, ಆ ಕೈ ಸ್ವಲ್ಪ ಶಾಲಿನೊಳಗೆ ಇಟ್ಕೊಳ್ಳಿ," ಎಂದ. ಇಟ್ಟುಕೊಂಡರು. ಅಧ್ಯಕ್ಷರು ಮೈಕಿನಲ್ಲಿ ನಲವತ್ತು ನಿಮಿಷ ಮಾಷ್ಟ್ರ ತ್ಯಾಗವನ್ನು ಕೊಂಡಾಡಿದರು. ಆ ಪಿಯಾನಿಸ್ಟ್ ವೇದಿಕೆಯ ಮೂಲೆಯಲ್ಲಿ ಕೈ ಬೆಚ್ಚಗಿಟ್ಟುಕೊಳ್ಳಲು ಬೆರಳು ಉಜ್ಜುತ್ತ ಕೂತೇ ಇದ್ದಳು.

ಅವಳು ಶುರು ಮಾಡಿದಾಗ ಜನ ಚಾಗೆ ಎದ್ದಿದ್ದರು. ಆದರೂ ಶುರುವಾಯಿತು. ಮಾಷ್ಟ್ರು ಕಣ್ಣು ಮುಚ್ಚಿ ಕೇಳತೊಡಗಿದರು. ನನಗೆ ಸಂಗೀತ ಗೊತ್ತಿಲ್ಲ. ಸಭೆಯ ಗದ್ದಲದ ಅಡಿಯಿಂದ ನೀರು ಏರಿ ಬಂದ ಹಾಗೆ ಅನ್ನಿಸಿತು ಎಂದಷ್ಟೇ ಹೇಳಬಲ್ಲೆ. ಎರಡನೆಯ ಪುಟ ಮುಗಿಯುವಾಗ ನಿರೂಪಕ ವೇದಿಕೆಯ ಬದಿಯಿಂದ ಗಡಿಯಾರ ತೋರಿಸಿದ. ಅವಳು ನೋಡಲಿಲ್ಲ. ಮೂರನೆಯ ಪುಟದಲ್ಲಿ ಅವನು ಮೈಕ್ ಹಿಡಿದು ಅವಳ ಪಕ್ಕಕ್ಕೇ ಬಂದು, "ಅದ್ಭುತ! ಜೋರಾದ ಚಪ್ಪಾಳೆ ಬರಲಿ! ಸಮಯದ ಅಭಾವದಿಂದ..." ಎಂದ. ಚಪ್ಪಾಳೆ ಬಂತು. ಅವಳ ಕೈಗಳು ಗಾಳಿಯಲ್ಲೇ ನಿಂತವು. ಅವಳು ಮಾಷ್ಟ್ರ ಕಡೆ ನೋಡಿದಳು.

ಮಾಷ್ಟ್ರು ಎದ್ದು ನಿಂತು, ಅವಳಿಗೆ ತಲೆಬಾಗಿ ನಮಸ್ಕರಿಸಿದರು. ಅಧ್ಯಕ್ಷರು ಬಂದು ತಬ್ಬಿಕೊಂಡಾಗ ನಗುತ್ತಲೇ ಇದ್ದರು. "ಖುಷಿಯಾ ಮಾಷ್ಟ್ರೇ?" "ಖುಷಿ, ಖುಷಿ." ನನಗೆ ಆ ನಗು ನೋಡಲಾಗಲಿಲ್ಲ. ಹೊರಗೆ ಹೋಗಿ ಕಾರು ತಂದೆ.

ದಾರಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಶಾಲು ಅವರ ತೊಡೆಯ ಮೇಲಿತ್ತು.

"ಚಂದ ಬಾರಿಸಿದ್ಳು, ಅಲ್ವಾ?" ಎಂದರು.

"ಮೂರು ಪುಟ ಬಾರಿಸಿದ್ಳು," ಎಂದೆ. ಸಿಟ್ಟು ತಡೆಯಲಾಗಲಿಲ್ಲ. "ಮೂರು ಪುಟಕ್ಕೆ ನೀವು ಆ ಅಧ್ಯಕ್ಷರನ್ನು ಬಚಾವ್ ಮಾಡಿದ್ರಿ."

"ಮೂರಾದ್ರೂ ಆಯ್ತಲ್ಲ ಮಾರಾಯ. ಇವತ್ತಿಗೆ ಮುಂಚೆ ಈ ಊರಲ್ಲಿ ಒಂದೂ ಆಗಿರ್ಲಿಲ್ಲ." ಮತ್ತೆ ನಕ್ಕರು. ಆ ನಗುವಿನ ನಡುವೆಯೇ ಹೇಳಿದರು: "ಚೂರು ಬದಿಗೆ ನಿಲ್ಲಿಸು."

ಬಿನ್ ಒಮ್ರಾನಿನ ಸಿಗ್ನಲ್ ದಾಟಿ ನಿಲ್ಲಿಸಿದೆ. ಬಾಗಿಲು ತೆರೆದು ಇಳಿದು, ಅಂಗಡಿ ಸಾಲಿನ ಮುಂದಿನ ಒಂದು ಗಿಡದ ಬುಡದಲ್ಲಿ ಬಾಗಿ ವಾಂತಿ ಮಾಡಿದರು. ಬರೀ ನೀರು ಬಂತು. ನಾನು ಅವರ ಬೆನ್ನು ಹಿಡಿದು ನಿಂತೆ. ಬಾಟಲಿಯಿಂದ ನೀರು ಹನಿಸಿದೆ. ಮುಖ ತೊಳೆದು, ಆ ಹೊಸ ಶಾಲಿನಿಂದಲೇ ಬಾಯಿ ಒರೆಸಿ, ಅದನ್ನು ಪಕ್ಕದ ಕಸದ ಡಬ್ಬಿಗೆ ಹಾಕಿದರು.

"ಬಿರಿಯಾನಿಗೆ ಎಣ್ಣೆ ಜಾಸ್ತಿ ಆಗಿದೆ," ಎಂದರು.

ಬಿರಿಯಾನಿಯ ಪೊಟ್ಟಣ ಹಂಚಲು ಶುರುವಾಗುವ ಮೊದಲೇ ನಾವು ಸಭಾಂಗಣದಿಂದ ಹೊರಟು ಬಂದಿದ್ದೆವು.